ದನಗಳ ಕ್ಷಯ: ಪ್ರತಿಕಾಯಗಳು ಮತ್ತು ರಕ್ತಪರೀಕ್ಷೆ

ದನಗಳಿಗೆ ಕ್ಷಯ ತರುವ ಮುಖ್ಯ ಬ್ಯಾಕ್ಟೀರಿಯಾದ ಹೆಸರು ಮೈಕೊಬ್ಯಾಕ್ಟೀರಿಯಂ ಬೋವಿಸ್. ಮನುಷ್ಯರ ಕ್ಷಯಕ್ಕೆ ಕಾರಣವಾಗುವ ಮೈಕೊಬ್ಯಾಕ್ಟೀರಿಯಂ ಟ್ಯುಬರ್ಕ್ಯುಲೋಸಿಸ್‌ಗೆ ಇದು ತೀರ ಹತ್ತಿರದ ದಾಯಾದಿ. ಎರಡರ ಡಿಎನ್‌ಎ ಶೇ. 99.95ಕ್ಕಿಂತ ಹೆಚ್ಚು ಒಂದೇ ರೀತಿ ಇದೆ. ಆದರೂ ಬೋವಿಸ್‌ಗೆ ಆಶ್ರಯ ಕೊಡುವ ಪ್ರಾಣಿಗಳ ಪಟ್ಟಿ ದೊಡ್ಡದು: ಹಸು, ಎಮ್ಮೆ, ಆಡು, ಜಿಂಕೆ, ಹಂದಿ, ಬ್ರಿಟನ್ನಿನ ಬ್ಯಾಜರ್, ನ್ಯೂಜಿಲೆಂಡಿನ ಪೊಸಮ್, ಇವುಗಳ ಜೊತೆಗೆ ಮನುಷ್ಯ. ಕಾಯಿಸದ ಹಾಲಿನ ಮೂಲಕವೋ, ಕೊಟ್ಟಿಗೆಯ ಗಾಳಿಯ ಮೂಲಕವೋ ಮನುಷ್ಯರಿಗೆ ತಗುಲಿದಾಗ ಅದು ತರುವ ಕಾಯಿಲೆ ಸಾಮಾನ್ಯ ಕ್ಷಯದಂತೆಯೇ ಇರುತ್ತದೆ. ಚಿಕಿತ್ಸೆಯಲ್ಲಿ ಮಾತ್ರ ಒಂದು ತೊಡಕು ಸೇರಿಕೊಳ್ಳುತ್ತದೆ. ಕ್ಷಯದ ಮೊದಲ ಸಾಲಿನ ಔಷಧಗಳಲ್ಲಿ ಒಂದಾದ ಪೈರಜಿನಮೈಡ್‌ಗೆ ಈ ಬ್ಯಾಕ್ಟೀರಿಯಾ ಹುಟ್ಟಿನಿಂದಲೇ ಜಗ್ಗುವುದಿಲ್ಲ.

ಕೊಟ್ಟಿಗೆಯಲ್ಲಿ ಕಾಯಿಲೆ ಹೆಚ್ಚಾಗಿ ಉಸಿರಿನಿಂದ ಉಸಿರಿಗೆ ಹರಡುತ್ತದೆ. ಶ್ವಾಸಕೋಶದೊಳಕ್ಕೆ ಬೆರಳೆಣಿಕೆಯಷ್ಟು ಬ್ಯಾಕ್ಟೀರಿಯಾಗಳು ಹೊಕ್ಕರೂ ಸೋಂಕು ನೆಲೆಯೂರಬಹುದು ಎಂದು ಪ್ರಯೋಗಗಳು ತೋರಿಸಿವೆ. ನೆಲೆಯೂರಿದ ಮೇಲೆ ಅದರ ನಡೆ ನಿಧಾನ. ಅನುಕೂಲ ಇದ್ದಾಗ ಕರುಳಿನ ಇ. ಕೋಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾದರೆ, ಕ್ಷಯದ ಬ್ಯಾಕ್ಟೀರಿಯಾಕ್ಕೆ ಹೆಚ್ಚುಕಡಿಮೆ ಒಂದು ದಿನವೇ ಬೇಕು. ಹೀಗಾಗಿ ಸೋಂಕು ತಗುಲಿದ ಹಸು ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ, ಮೇವು ತಿಂದುಕೊಂಡು ಹಾಲು ಕೊಡುತ್ತಲೇ ಇರುತ್ತದೆ. ಒಣಕೆಮ್ಮು, ಸೊರಗು, ಹಾಲಿನ ಇಳಿತ ಕಣ್ಣಿಗೆ ಬೀಳುವಷ್ಟರಲ್ಲಿ ಪಕ್ಕದ ಗೂಟದ ರಾಸಿಗೂ ಸೋಂಕು ದಾಟಿರಬಹುದು. ಲಕ್ಷಣ ನೋಡಿ ಈ ರೋಗವನ್ನು ತಡೆಯಲಾಗದು. ದೇಹದೊಳಗೆ ನಡೆದಿರುವ ಹೋರಾಟದ ಗುರುತನ್ನು ಹುಡುಕುವುದೊಂದೇ ದಾರಿ.

ಆ ಹೋರಾಟ ಶುರುವಾಗುವುದು ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳಲ್ಲಿ. ಒಳಬಂದ ಬ್ಯಾಕ್ಟೀರಿಯಾವನ್ನು ಈ ಕೋಶಗಳು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲು ಆಗುವುದಿಲ್ಲ. ಮೇಣದಂಥ ದಪ್ಪ ಹೊದಿಕೆಯ ಈ ಜೀವಿ ತನ್ನನ್ನು ನುಂಗಿದ ಕೋಶವನ್ನೇ ಮನೆ ಮಾಡಿಕೊಂಡು ಅಲ್ಲೇ ಬೆಳೆಯುತ್ತದೆ. ಬ್ಯಾಕ್ಟೀರಿಯಾದ ಪ್ರೋಟೀನು ಚೂರುಗಳನ್ನು ಹೊತ್ತ ಕೋಶಗಳು ಹತ್ತಿರದ ದುಗ್ಧರಸ ಗ್ರಂಥಿಗಳಿಗೆ ಹೋಗಿ ಅಲ್ಲಿನ ಟಿ-ಕೋಶಗಳನ್ನು ಎಚ್ಚರಿಸುತ್ತವೆ. ಎಚ್ಚೆತ್ತ ಟಿ-ಕೋಶಗಳು ಇಂಟರ್‌ಫೆರಾನ್-ಗಾಮಾ ಎಂಬ ಸಂದೇಶ ಪ್ರೋಟೀನನ್ನು ಸ್ರವಿಸುತ್ತವೆ. ಅದು ತಲುಪಿದ ಮ್ಯಾಕ್ರೋಫೇಜ್‌ಗೆ ಕೊಲ್ಲುವ ಶಕ್ತಿ ಹೆಚ್ಚುತ್ತದೆ. ಸೋಂಕಿನ ಜಾಗವನ್ನು ಕೋಶಗಳು ಸುತ್ತುವರಿದು ಸಣ್ಣ ಗಂಟು ಕಟ್ಟುತ್ತವೆ, ಅದೇ ಗ್ರಾನ್ಯುಲೋಮಾ. ಕಸಾಯಿಖಾನೆಯಲ್ಲಿ ಮಾಂಸ ಪರೀಕ್ಷಿಸುವವರು ಗಂಟಲ ಹಿಂಭಾಗದ ಮತ್ತು ಶ್ವಾಸಕೋಶದ ಬಳಿಯ ಗ್ರಂಥಿಗಳನ್ನು ಕೊಯ್ದು ನೋಡುವುದು ಈ ಗಂಟುಗಳಿಗಾಗಿ. ಹಳೆಯ ಗಂಟಿನೊಳಗೆ ಹಳದಿ ಬಣ್ಣದ, ಗಟ್ಟಿ ಮೊಸರಿನಂಥ ಕೊಳೆ ಇರುತ್ತದೆ. ಅದರಲ್ಲಿ ಸುಣ್ಣದ ಅಂಶ ಸೇರಿದ್ದರೆ ಚಾಕು ಕರಕರ ಎನ್ನುತ್ತದೆ.

ಇಷ್ಟೂ ಹೊತ್ತು ಪ್ರತಿಕಾಯಗಳಿಗೆ ಹೆಚ್ಚು ಕೆಲಸವಿಲ್ಲ. ಪ್ರತಿಕಾಯ ಎಂದರೆ ಬಿ-ಕೋಶಗಳು ತಯಾರಿಸಿ ರಕ್ತಕ್ಕೆ ಬಿಡುವ, ವೈರಿಯ ಒಂದು ನಿರ್ದಿಷ್ಟ ಭಾಗಕ್ಕೆ ಅಂಟಿಕೊಳ್ಳುವ ಪ್ರೋಟೀನು. ರಕ್ತದಲ್ಲಿ ತೇಲುವ ವೈರಾಣುವಿಗೋ ವಿಷಕ್ಕೋ ಅದು ಅಂಟಬಲ್ಲದು, ಕೋಶದೊಳಗೆ ಅಡಗಿದ ಬ್ಯಾಕ್ಟೀರಿಯಾ ಅದರ ಕೈಗೆ ಸಿಗುವುದಿಲ್ಲ. ಬಿ-ಕೋಶಗಳು ಸಾಕಷ್ಟು ಪ್ರತಿಕಾಯ ತಯಾರಿಸಬೇಕಾದರೆ ವೈರಿಯ ಪ್ರೋಟೀನುಗಳು, ಅಂದರೆ ಪ್ರತಿಜನಕಗಳು, ತಕ್ಕ ಪ್ರಮಾಣದಲ್ಲಿ ಹೊರಗೆ ಹರಿದಾಡಬೇಕು. ಕ್ಷಯದ ಆರಂಭದಲ್ಲಿ ಬ್ಯಾಕ್ಟೀರಿಯಾಗಳು ಕೆಲವೇ, ಅವೂ ಗಂಟಿನೊಳಗೆ ಬಂದಿ. ಗಂಟುಗಳು ಹೆಚ್ಚಿ, ಕೊಳೆತು, ಒಡೆದು, ಬ್ಯಾಕ್ಟೀರಿಯಾದ ಹೊರೆ ಏರಿದಂತೆ ರಕ್ತದಲ್ಲಿ ಪ್ರತಿಕಾಯವೂ ಏರುತ್ತದೆ. ಆದ್ದರಿಂದ ದನದ ಕ್ಷಯದಲ್ಲಿ ಪ್ರತಿಕಾಯ ಹೆಚ್ಚಿದೆ ಎಂದರೆ ರಾಸು ರೋಗವನ್ನು ಗೆಲ್ಲುತ್ತಿದೆ ಎಂದು ಭಾವಿಸುವಂತಿಲ್ಲ. ಬಹುತೇಕ ಸಂದರ್ಭಗಳಲ್ಲಿ ಅದರ ಅರ್ಥ ರೋಗ ಬಲಿತಿದೆ ಎಂದೇ. ಲಸಿಕೆ ಹಾಕಿಸಿಕೊಂಡವರ ರಕ್ತದಲ್ಲಿ ಪ್ರತಿಕಾಯ ಕಂಡರೆ ರಕ್ಷಣೆ ಸಿಕ್ಕಿತೆಂದು ಸಮಾಧಾನಪಡುವ ಅಭ್ಯಾಸ ಇಲ್ಲಿ ದಾರಿತಪ್ಪಿಸುತ್ತದೆ.

ಎಲ್ಲ ರಾಸುಗಳೂ ಇದೇ ಮೆಟ್ಟಿಲುಗಳನ್ನು ಇದೇ ಕ್ರಮದಲ್ಲಿ ಹತ್ತುವುದಿಲ್ಲ. ಪ್ರಯೋಗಕ್ಕಾಗಿ ದೊಡ್ಡ ಪ್ರಮಾಣದ ಸೋಂಕು ಕೊಟ್ಟ ಕರುಗಳಲ್ಲಿ ಕೆಲವು ಪ್ರತಿಜನಕಗಳ ವಿರುದ್ಧ ಸುಮಾರು ಒಂದು ತಿಂಗಳಲ್ಲೇ ಪ್ರತಿಕಾಯ ಕಾಣಿಸಿಕೊಂಡಿದೆ. ಸಹಜವಾಗಿ ಸೋಂಕು ತಗುಲಿದ ಹಸುಗಳಲ್ಲಿ ಅದು ತಿಂಗಳುಗಳ ಬಳಿಕ ಬರಬಹುದು, ಬಾರದೆಯೂ ಇರಬಹುದು. ಟಿ-ಕೋಶಗಳ ಪ್ರತಿಕ್ರಿಯೆ ಮಾತ್ರ ಸೋಂಕು ತಗುಲಿದ ಕೆಲವೇ ವಾರಗಳಲ್ಲಿ ಎದ್ದು ಬಹುಕಾಲ ಉಳಿಯುತ್ತದೆ. ಕೊನೆಯ ಹಂತದಲ್ಲಿ ಇನ್ನೊಂದು ತಿರುವು ಇದೆ. ರೋಗ ಮೈತುಂಬ ಹರಡಿದ ಕೆಲವು ರಾಸುಗಳಲ್ಲಿ ಟಿ-ಕೋಶಗಳ ಪ್ರತಿಕ್ರಿಯೆಯೇ ಕುಗ್ಗಿಹೋಗುತ್ತದೆ, ಪ್ರತಿಕಾಯ ಮಾತ್ರ ಉತ್ತುಂಗದಲ್ಲಿರುತ್ತದೆ. ಈ ಸ್ಪಂದನಶೂನ್ಯ ರಾಸುಗಳು ಹಿಂಡಿನಲ್ಲಿ ಬೆರಳೆಣಿಕೆಯಷ್ಟೇ ಇರಬಹುದು. ಅತಿ ಹೆಚ್ಚು ಬ್ಯಾಕ್ಟೀರಿಯಾ ಹೊರಚೆಲ್ಲುವುದು ಅವೇ. ಪ್ರತಿಕಾಯ ಪರೀಕ್ಷೆಗೆ ಬೆಲೆ ಬರುವುದು ಈ ರಾಸುಗಳಿಂದ. ಅದನ್ನು ತಿಳಿಯಲು ಮೊದಲು ಹಳೆಯ ಚರ್ಮಪರೀಕ್ಷೆಯ ಕಥೆ ಗೊತ್ತಿರಬೇಕು.

ರಾಬರ್ಟ್ ಕಾಖ್ 1882ರಲ್ಲಿ ಕ್ಷಯದ ಬ್ಯಾಕ್ಟೀರಿಯಾವನ್ನು ಗುರುತಿಸಿದ. 1890ರಲ್ಲಿ ಆ ಬ್ಯಾಕ್ಟೀರಿಯಾದ ಕೃಷಿಯಿಂದ ತೆಗೆದ ಟ್ಯುಬರ್ಕ್ಯುಲಿನ್ ಎಂಬ ದ್ರವವನ್ನು ಕ್ಷಯದ ಔಷಧವೆಂದು ಮುಂದಿಟ್ಟ. ಔಷಧವಾಗಿ ಅದು ಸೋತಿತು, ರೋಗಿಗಳಿಗೆ ಕೇಡನ್ನೂ ಮಾಡಿತು. ಆದರೆ ಸೋಂಕಿರುವ ದೇಹ ಅದಕ್ಕೆ ಜೋರಾಗಿ ಪ್ರತಿಕ್ರಿಯಿಸುತ್ತದೆ, ಸೋಂಕಿಲ್ಲದ ದೇಹ ಸುಮ್ಮನಿರುತ್ತದೆ ಎಂಬುದನ್ನು ಪಶುವೈದ್ಯರು ಬೇಗನೆ ಕಂಡುಕೊಂಡರು. ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬಾಂಗ್ 1890ರ ದಶಕದಲ್ಲೇ ಹಿಂಡುಗಳಿಗೆ ಟ್ಯುಬರ್ಕ್ಯುಲಿನ್ ಚುಚ್ಚಿ, ಪ್ರತಿಕ್ರಿಯಿಸಿದ ಹಸುಗಳನ್ನು ಬೇರೆ ಕೊಟ್ಟಿಗೆಯಲ್ಲಿ ಕಟ್ಟಿಸಿದ. ಅವುಗಳ ಕರುಗಳನ್ನು ಹುಟ್ಟಿದ ಕೂಡಲೇ ತಾಯಿಯಿಂದ ಬೇರೆ ಮಾಡಿ, ಕಾಯಿಸಿದ ಹಾಲು ಕುಡಿಸಿ, ಸೋಂಕಿಲ್ಲದ ಹೊಸ ಹಿಂಡು ಕಟ್ಟುವ ವಿಧಾನವನ್ನು ರೂಪಿಸಿದ. ಹಸುಗಳನ್ನು ಕೊಲ್ಲದೆಯೇ ರೋಗವನ್ನು ಹಿಮ್ಮೆಟ್ಟಿಸುವ ಈ ಕ್ರಮ ನೂರಕ್ಕೂ ಹೆಚ್ಚು ವರ್ಷ ಹಳೆಯದು. ಭಾರತದ ಮಟ್ಟಿಗೆ ಇವತ್ತಿಗೂ ಅದು ಪ್ರಸ್ತುತ.

ಮುಂದಿನ ದಶಕದಲ್ಲಿ ಕಾಖ್ ಇನ್ನೊಂದು ಪೆಟ್ಟು ತಿಂದ. ಅಮೆರಿಕದ ಥಿಯೊಬಾಲ್ಡ್ ಸ್ಮಿತ್ 1898ರಲ್ಲಿ ದನದ ಮತ್ತು ಮನುಷ್ಯರ ಕ್ಷಯದ ಬ್ಯಾಕ್ಟೀರಿಯಾಗಳು ಬೇರೆ ಬೇರೆ ಎಂದು ತೋರಿಸಿದ್ದ. ಇದನ್ನು ಹಿಡಿದು ಕಾಖ್ 1901ರ ಲಂಡನ್ ಸಮ್ಮೇಳನದಲ್ಲಿ ದನದ ಕ್ಷಯ ಮನುಷ್ಯರಿಗೆ ದೊಡ್ಡ ಅಪಾಯವೇನಲ್ಲ ಎಂದ. ಬ್ರಿಟಿಷ್ ಸರ್ಕಾರ ನೇಮಿಸಿದ ರಾಯಲ್ ಆಯೋಗ ಹತ್ತು ವರ್ಷ ಪ್ರಯೋಗ ಮಾಡಿ, 1911ರ ಅಂತಿಮ ವರದಿಯಲ್ಲಿ ಅದು ತಪ್ಪೆಂದು ಸಾಬೀತುಪಡಿಸಿತು. ಮಕ್ಕಳ ಕುತ್ತಿಗೆಯ ಗ್ರಂಥಿಗಳಲ್ಲಿ, ಹೊಟ್ಟೆಯಲ್ಲಿ ಕಾಣುತ್ತಿದ್ದ ಎಷ್ಟೋ ಕ್ಷಯ ಹಸಿ ಹಾಲಿನಿಂದ ಬಂದದ್ದಾಗಿತ್ತು. ಹಾಲನ್ನು ಪಾಶ್ಚರೀಕರಿಸುವ ಕ್ರಮಕ್ಕೆ, ದನಗಳ ಪರೀಕ್ಷೆಯ ಆಂದೋಲನಗಳಿಗೆ ಬಲ ಬಂದದ್ದು ಈ ತಿಳಿವಳಿಕೆಯಿಂದ. ಅಮೆರಿಕ 1917ರಲ್ಲೇ ದೇಶವ್ಯಾಪಿ ಕಾರ್ಯಕ್ರಮ ಶುರುಮಾಡಿತು.

ಇಂದಿನ ಚರ್ಮಪರೀಕ್ಷೆಯಲ್ಲಿ ಕಚ್ಚಾ ದ್ರವದ ಬದಲು ಶುದ್ಧೀಕರಿಸಿದ ಪ್ರೋಟೀನು ಮಿಶ್ರಣ, ಅಂದರೆ ಪಿಪಿಡಿ, ಬಳಕೆಯಲ್ಲಿದೆ. ಕುತ್ತಿಗೆಯ ಒಂದು ಜಾಗದ ಕೂದಲು ಕತ್ತರಿಸಿ, ಚರ್ಮದ ಮಡಿಕೆಯ ದಪ್ಪವನ್ನು ಕ್ಯಾಲಿಪರ್‌ನಿಂದ ಅಳೆದು, 0.1 ಮಿಲಿಲೀಟರ್ ಪಿಪಿಡಿಯನ್ನು ಚರ್ಮದ ಪದರದೊಳಕ್ಕೇ ಚುಚ್ಚುತ್ತಾರೆ. 72 ಗಂಟೆ ಕಳೆದ ಮೇಲೆ ಮತ್ತೆ ಅಳೆಯುತ್ತಾರೆ. ಒಂದೇ ಚುಚ್ಚಿನ ಪರೀಕ್ಷೆಯಲ್ಲಿ ದಪ್ಪ 4 ಮಿಲಿಮೀಟರ್ ಅಥವಾ ಹೆಚ್ಚು ಏರಿದ್ದರೆ ರಾಸು ಸೋಂಕಿತ ಎಂದು ಲೆಕ್ಕ. ಇದು ಟಿ-ಕೋಶಗಳ ಪ್ರತಿಕ್ರಿಯೆ. ಹಿಂದೆ ಈ ಪ್ರೋಟೀನನ್ನು ಕಂಡ ಟಿ-ಕೋಶಗಳು ಚುಚ್ಚಿದ ಜಾಗಕ್ಕೆ ಮುತ್ತಿ ಊತ ತರುತ್ತವೆ. ಪ್ರತಿಕಾಯದ ಪಾತ್ರ ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ತೊಂದರೆ ಎಂದರೆ ಮೈಕೊಬ್ಯಾಕ್ಟೀರಿಯಾಗಳ ಬಳಗ ದೊಡ್ಡದು. ಮಣ್ಣಿನಲ್ಲಿ, ನೀರಿನಲ್ಲಿ, ಹಕ್ಕಿಗಳಲ್ಲಿ ಅವುಗಳ ನೆಂಟರಿದ್ದಾರೆ. ದನದ ಕರುಳಿಗೆ ಜೋನ್ಸ್ ಕಾಯಿಲೆ ತರುವ ಪ್ಯಾರಾಟ್ಯುಬರ್ಕ್ಯುಲೋಸಿಸ್ ಕೂಡ ಅದೇ ಬಳಗದ್ದು. ಇವುಗಳನ್ನು ಎದುರಿಸಿದ ರಾಸಿನ ಚರ್ಮವೂ ಪಿಪಿಡಿಗೆ ಊದಬಹುದು. ಅದಕ್ಕಾಗಿಯೇ ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಕುತ್ತಿಗೆಯ ಎರಡು ಜಾಗಗಳಲ್ಲಿ, ಒಂದಕ್ಕೆ ಹಕ್ಕಿಯ ಬ್ಯಾಕ್ಟೀರಿಯಾದ, ಇನ್ನೊಂದಕ್ಕೆ ದನದ ಬ್ಯಾಕ್ಟೀರಿಯಾದ ಪಿಪಿಡಿ ಚುಚ್ಚಿ ಎರಡರ ಊತವನ್ನು ಹೋಲಿಸುತ್ತಾರೆ. ಈ ತುಲನಾತ್ಮಕ ಪರೀಕ್ಷೆ ಆರೋಗ್ಯವಂತ ರಾಸಿನ ಮೇಲೆ ತಪ್ಪು ಹೊರಿಸುವುದು ಬಹಳ ಅಪರೂಪ. ಬ್ರಿಟನ್ನಿನ ಲೆಕ್ಕದಲ್ಲಿ ಅದರ ನಿರ್ದಿಷ್ಟತೆ ಶೇ. 99.98ರಷ್ಟು. ಸೋಂಕಿತ ರಾಸನ್ನು ಹಿಡಿಯುವ ಸೂಕ್ಷ್ಮತೆ ಮಾತ್ರ ಸುಮಾರು ಶೇ. 80, ಅಧ್ಯಯನದಿಂದ ಅಧ್ಯಯನಕ್ಕೆ ಇದು ಬಹಳ ಏರುಪೇರಾಗುತ್ತದೆ. ಅಂದರೆ ಐದು ಸೋಂಕಿತ ರಾಸುಗಳಲ್ಲಿ ಒಂದು ಕೈತಪ್ಪಿ ಹೋಗಬಹುದು. ಹೊಸದಾಗಿ ಸೋಂಕು ತಗುಲಿದವು, ಆಗಷ್ಟೇ ಈದ ಹಸುಗಳು, ಸ್ಪಂದನಶೂನ್ಯ ಸ್ಥಿತಿಗೆ ಜಾರಿದವು ಹೀಗೆ ತಪ್ಪಿಸಿಕೊಳ್ಳುವವುಗಳಲ್ಲಿ ಮುಖ್ಯ. ಒಮ್ಮೆ ಚುಚ್ಚಿದ ಮೇಲೆ ಚರ್ಮದ ಪ್ರತಿಕ್ರಿಯೆ ಕೆಲಕಾಲ ಮಂಕಾಗುವುದರಿಂದ ಮರುಪರೀಕ್ಷೆಗೆ ಆರರಿಂದ ಎಂಟು ವಾರ ಕಾಯಬೇಕು.

ರಕ್ತಪರೀಕ್ಷೆಯ ಮೊದಲ ದೊಡ್ಡ ಯಶಸ್ಸು ಬಂದದ್ದು ಪ್ರತಿಕಾಯದ ದಾರಿಯಲ್ಲಲ್ಲ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ಪಾಲ್ ವುಡ್, ಜೇಮ್ಸ್ ರಾಥೆಲ್ ಮತ್ತು ಸಂಗಡಿಗರು 1980ರ ದಶಕದ ಕೊನೆಯ ಹೊತ್ತಿಗೆ ಚರ್ಮದಲ್ಲಿ ನಡೆಯುವ ಪ್ರತಿಕ್ರಿಯೆಯನ್ನು ಪ್ರನಾಳದೊಳಗೆ ನಡೆಸುವ ವಿಧಾನವನ್ನು ಕಂಡುಹಿಡಿದರು. ಹೆಪ್ಪುಗಟ್ಟದಂತೆ ಹೆಪಾರಿನ್ ಬೆರೆಸಿದ ರಕ್ತವನ್ನು ಭಾಗ ಮಾಡಿ, ಒಂದಕ್ಕೆ ದನದ ಪಿಪಿಡಿ, ಇನ್ನೊಂದಕ್ಕೆ ಹಕ್ಕಿಯ ಪಿಪಿಡಿ ಸೇರಿಸಿ, ಮತ್ತೊಂದನ್ನು ಹಾಗೇ ಬಿಟ್ಟು ದೇಹದ ಉಷ್ಣಾಂಶದಲ್ಲಿ ಒಂದು ರಾತ್ರಿ ಇಡುತ್ತಾರೆ. ಸೋಂಕಿತ ರಾಸಿನ ಟಿ-ಕೋಶಗಳು ಆ ಹೊತ್ತಿನಲ್ಲಿ ಇಂಟರ್‌ಫೆರಾನ್-ಗಾಮಾ ಸ್ರವಿಸುತ್ತವೆ. ಮರುದಿನ ಅದನ್ನು ಅಳೆಯುತ್ತಾರೆ. 1970ರಲ್ಲಿ ರೋಗ ನಿರ್ಮೂಲನ ಆಂದೋಲನ ಶುರುಮಾಡಿದ್ದ ಆಸ್ಟ್ರೇಲಿಯಾ 1997ರಲ್ಲಿ ತಾನು ದನದ ಕ್ಷಯದಿಂದ ಮುಕ್ತ ಎಂದು ಘೋಷಿಸಿಕೊಂಡಿತು. ಇದೇ ತತ್ತ್ವವನ್ನು ಮುಂದೆ ಮನುಷ್ಯರಿಗೂ ಅಳವಡಿಸಲಾಯಿತು. ಇಂದು ನಗರಗಳ ಪ್ರಯೋಗಾಲಯಗಳಲ್ಲಿ ಸುಪ್ತ ಕ್ಷಯಕ್ಕಾಗಿ ಮಾಡುವ ಕ್ವಾಂಟಿಫೆರಾನ್ ಪರೀಕ್ಷೆಯ ಮೂಲ ದನದ ಕೊಟ್ಟಿಗೆಯಲ್ಲಿದೆ.

ಇಂಟರ್‌ಫೆರಾನ್ ಪರೀಕ್ಷೆ ಚರ್ಮಪರೀಕ್ಷೆಗಿಂತ ಮುಂಚೆ ಸೋಂಕನ್ನು ಹಿಡಿಯಬಲ್ಲದು. ರಾಸನ್ನು ಒಮ್ಮೆ ಹಿಡಿದರೆ ಸಾಕು, ಮೂರು ದಿನದ ನಂತರ ಪುನಃ ಹೋಗಬೇಕಿಲ್ಲ. ಆದರೆ ರಕ್ತದ ಕೋಶಗಳು ಜೀವಂತವಾಗಿ ಪ್ರಯೋಗಾಲಯ ಮುಟ್ಟಬೇಕು. ಫ್ರಿಜ್ಜಿನಲ್ಲಿಟ್ಟರೂ ಬಿಸಿಲಿಗೆ ಬಿಟ್ಟರೂ ಅವು ಕೆಡುತ್ತವೆ, ಒಂದು ದಿನ ಮೀರಿದರೆ ಫಲಿತಾಂಶ ನಂಬುವಂತಿಲ್ಲ. ಬೀದರಿನ ಹಳ್ಳಿಯೊಂದರಲ್ಲಿ ಏಪ್ರಿಲ್ ಮಧ್ಯಾಹ್ನ ತೆಗೆದ ರಕ್ತವನ್ನು ಆ ಸ್ಥಿತಿಯಲ್ಲಿ ಬೆಂಗಳೂರಿಗೆ ತಲುಪಿಸುವುದು ಸಾಮಾನ್ಯ ಕೆಲಸವಲ್ಲ. ಖರ್ಚೂ ಹೆಚ್ಚು.

ಪ್ರತಿಕಾಯ ಪರೀಕ್ಷೆಗೆ ಈ ಕಷ್ಟವಿಲ್ಲ. ಕೊರಳಿನ ಅಥವಾ ಬಾಲದ ಬುಡದ ಅಭಿಧಮನಿಯಿಂದ ತೆಗೆದ ಕೆಲವು ಮಿಲಿಲೀಟರ್ ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟು, ಮೇಲೆ ತಿಳಿಯಾಗಿ ನಿಂತ ಹಳದಿ ಸೀರಮ್ಮನ್ನು ಬೇರ್ಪಡಿಸಿದರೆ ಆಯಿತು. ಅದರಲ್ಲಿ ಜೀವಕೋಶ ಬೇಕಿಲ್ಲ. ಪ್ರತಿಕಾಯಗಳು ಗಟ್ಟಿ ಅಣುಗಳು: ಮಂಜುಪೆಟ್ಟಿಗೆಯಲ್ಲಿ ದಿನಗಟ್ಟಲೆ, ಮೈನಸ್ 20 ಡಿಗ್ರಿಯಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಬ್ರುಸೆಲ್ಲೋಸಿಸ್‌ಗೋ ಬೇರೆ ರೋಗಕ್ಕೋ ಸಂಗ್ರಹಿಸಿದ ಸೀರಮ್ಮನ್ನೇ ಇದಕ್ಕೂ ಬಳಸಬಹುದು. ಹಾಲಿನಲ್ಲೂ ಪ್ರತಿಕಾಯ ಇರುವುದರಿಂದ ಹಾಲಿನ ಮಾದರಿಯಲ್ಲಿ ಪರೀಕ್ಷಿಸುವ ಪ್ರಯತ್ನಗಳೂ ನಡೆದಿವೆ.

ಇಷ್ಟು ಸುಲಭವಿದ್ದೂ ಪ್ರತಿಕಾಯ ಪರೀಕ್ಷೆ ದಶಕಗಳ ಕಾಲ ಹಿಂದುಳಿದದ್ದಕ್ಕೆ ಕಾರಣ ಪರೀಕ್ಷೆಗೆ ಬಳಸಿದ ಪ್ರತಿಜನಕಗಳು. ಮೊದಮೊದಲು ಪಿಪಿಡಿಯನ್ನೋ, ಬ್ಯಾಕ್ಟೀರಿಯಾವನ್ನು ಅರೆದು ತೆಗೆದ ಕಚ್ಚಾ ಸಾರವನ್ನೋ ಬಳಸುತ್ತಿದ್ದರು. ಅದರಲ್ಲಿನ ನೂರಾರು ಪ್ರೋಟೀನುಗಳಲ್ಲಿ ಬಹುಪಾಲು ಮಣ್ಣಿನ ನೆಂಟರಲ್ಲೂ ಇರುವಂಥವು. ಆದ್ದರಿಂದ ಆರೋಗ್ಯವಂತ ರಾಸಿನ ಸೀರಮ್ ಕೂಡ ಅಂಟಿಕೊಳ್ಳುತ್ತಿತ್ತು. ಪರಿಸ್ಥಿತಿ ಬದಲಾದದ್ದು ಎಂಪಿಬಿ70 ಮತ್ತು ಎಂಪಿಬಿ83 ಎಂಬ ಎರಡು ಪ್ರೋಟೀನುಗಳು ಬೆಳಕಿಗೆ ಬಂದ ಮೇಲೆ. ಎಂಪಿಬಿ70 ಬ್ಯಾಕ್ಟೀರಿಯಾ ಹೊರಕ್ಕೆ ಸ್ರವಿಸುವ ಪ್ರೋಟೀನು. ಎಂಪಿಬಿ83 ಅದರ ಮೈಮೇಲೆ ಕೊಬ್ಬಿನ ಅಣುವಿನ ಆಸರೆಯಲ್ಲಿ ನೆಟ್ಟುಕೊಂಡಿರುತ್ತದೆ. ಸೋಂಕಿತ ದನದ ಪ್ರತಿಕಾಯಗಳಲ್ಲಿ ದೊಡ್ಡ ಪಾಲು ಈ ಎರಡರ ವಿರುದ್ಧವೇ ಹುಟ್ಟುತ್ತದೆ.

ಹೀಗಾಗಲು ಒಂದು ಸುಂದರವಾದ ಆನುವಂಶಿಕ ಕಾರಣವಿದೆ. ಈ ಎರಡೂ ಪ್ರೋಟೀನುಗಳ ತಯಾರಿಕೆಯನ್ನು ಶುರುಮಾಡಿಸುವುದು ಸಿಗ್ಮಾ-ಕೆ ಎಂಬ ನಿಯಂತ್ರಕ ಪ್ರೋಟೀನು. ಅದನ್ನು ಹಿಡಿದಿಡಲು ಇನ್ನೊಂದು ಪ್ರೋಟೀನು ಇದೆ. ಮನುಷ್ಯರ ಕ್ಷಯದ ಬ್ಯಾಕ್ಟೀರಿಯಾದಲ್ಲಿ ಆ ಹಿಡಿತ ಬಿಗಿಯಾಗಿದೆ, ಹೀಗಾಗಿ ಪ್ರಯೋಗಾಲಯದಲ್ಲಿ ಬೆಳೆಸಿದಾಗ ಅದು ಈ ಪ್ರೋಟೀನುಗಳನ್ನು ತೀರ ಕಡಿಮೆ ಮಾಡುತ್ತದೆ. ಬೋವಿಸ್‌ನಲ್ಲಿ ಹಿಡಿದಿಡುವ ಪ್ರೋಟೀನಿನ ಜೀನ್ ರೂಪಾಂತರಗೊಂಡು ಹಿಡಿತ ಸಡಿಲಿದೆ, ಎರಡೂ ಧಾರಾಳವಾಗಿ ತಯಾರಾಗುತ್ತವೆ. ಅಷ್ಟೊಂದು ಪ್ರಮಾಣದಲ್ಲಿ ಕಣ್ಣೆದುರು ಬಂದ ಪ್ರೋಟೀನನ್ನು ರಾಸಿನ ಬಿ-ಕೋಶಗಳು ಕಡೆಗಣಿಸುವುದು ಕಷ್ಟ. ಮನುಷ್ಯರ ಕ್ಷಯಕ್ಕೆ ಇಂಥದೊಂದು ಎದ್ದುಕಾಣುವ ಪ್ರತಿಜನಕ ಸಿಕ್ಕಿಲ್ಲ. ದನದಲ್ಲಿ ಪ್ರತಿಕಾಯ ಪರೀಕ್ಷೆ ಒಂದು ಮಟ್ಟಿಗೆ ನೆಲೆ ಕಂಡು, ಮನುಷ್ಯರಲ್ಲಿ ಸೋತದ್ದಕ್ಕೆ ಇದೂ ಒಂದು ಕಾರಣ.

ಪರೀಕ್ಷೆ ನಡೆಯುವ ಬಗೆ ಎಲೈಸಾ. 96 ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯ ತಳಕ್ಕೆ ಎಂಪಿಬಿ70 ಮತ್ತು ಎಂಪಿಬಿ83ನ್ನು ಮೊದಲೇ ಅಂಟಿಸಿರುತ್ತಾರೆ. ಅದಕ್ಕೆ ಸೀರಮ್ಮನ್ನು ನೀರುಮಾಡಿ ಹಾಕಿದಾಗ ತಕ್ಕ ಪ್ರತಿಕಾಯಗಳಿದ್ದರೆ ಅಂಟಿಕೊಳ್ಳುತ್ತವೆ, ಉಳಿದದ್ದು ತೊಳೆದುಹೋಗುತ್ತದೆ. ಆಮೇಲೆ ದನದ ಪ್ರತಿಕಾಯವನ್ನೇ ಗುರುತಿಸಿ ಹಿಡಿಯುವ, ಕಿಣ್ವ ಕಟ್ಟಿದ ಇನ್ನೊಂದು ಪ್ರತಿಕಾಯವನ್ನು ಹಾಕಿ ತೊಳೆಯುತ್ತಾರೆ. ಕೊನೆಗೆ ಹಾಕುವ ದ್ರವಕ್ಕೆ ಆ ಕಿಣ್ವ ಬಣ್ಣ ತರಿಸುತ್ತದೆ. ಬಣ್ಣದ ಗಾಢತೆಯನ್ನು ಯಂತ್ರ ಓದಿ, ಖಚಿತವಾಗಿ ಸೋಂಕಿತವೆಂದು ಗೊತ್ತಿರುವ ಸೀರಮ್ಮಿನ ಬಣ್ಣದೊಂದಿಗೆ ಹೋಲಿಸುತ್ತದೆ. ಕೆಲವೇ ತಾಸುಗಳಲ್ಲಿ ಹತ್ತಾರು ರಾಸುಗಳ ಫಲಿತಾಂಶ ಸಿಗುತ್ತದೆ. ಇದೇ ಎರಡು ಪ್ರತಿಜನಕಗಳ ಮೇಲೆ ನಿಂತ ಐಡೆಕ್ಸ್ ಕಿಟ್ಟಿಗೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ 2012ರಲ್ಲಿ ದೊರೆಯಿತು. ಹಲವು ಪ್ರತಿಜನಕಗಳನ್ನು ಒಂದೇ ಗುಳಿಯೊಳಗೆ ಬೇರೆ ಬೇರೆ ಚುಕ್ಕೆಗಳಾಗಿ ಇರಿಸಿ, ಹೊಮ್ಮುವ ಬೆಳಕನ್ನು ಅಳೆಯುವ ಎನ್‌ಫರ್‌ಪ್ಲೆಕ್ಸ್ ವಿಧಾನವೂ ಬಂದಿದೆ. ಒಂದು ರಾಸು ಒಂದು ಪ್ರತಿಜನಕಕ್ಕೆ, ಮತ್ತೊಂದು ರಾಸು ಬೇರೊಂದಕ್ಕೆ ಪ್ರತಿಕಾಯ ಮಾಡುವುದರಿಂದ ಚುಕ್ಕೆಗಳು ಹೆಚ್ಚಿದಷ್ಟೂ ಹಿಡಿಯುವ ಸಾಧ್ಯತೆ ಹೆಚ್ಚು. ಜೊತೆಗೆ ತಪ್ಪು ಅಂಟುವಿಕೆಯ ಅಪಾಯವೂ ಹೆಚ್ಚು, ಆದ್ದರಿಂದ ಕನಿಷ್ಠ ಎರಡು ಚುಕ್ಕೆ ಬೆಳಗಿದರೆ ಮಾತ್ರ ಸೋಂಕಿತವೆಂದು ಓದುವ ನಿಯಮ ಇಟ್ಟುಕೊಳ್ಳುತ್ತಾರೆ.

ಎಂಪಿಬಿ70 ಮತ್ತು ಎಂಪಿಬಿ83 ಎಲೈಸಾದ ಮೇಲೆ 2011ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಅದರ ಸೂಕ್ಷ್ಮತೆಯನ್ನು ಶೇ. 63, ನಿರ್ದಿಷ್ಟತೆಯನ್ನು ಶೇ. 98 ಎಂದು ಕಂಡಿತು. ಈ ಅಂಕಿಗಳನ್ನು ಬರೀ ಹೀಗೆ ಓದಿದರೆ ಅವುಗಳ ತೂಕ ತಿಳಿಯುವುದಿಲ್ಲ. ಸಾವಿರ ರಾಸುಗಳಿರುವ ಒಂದು ಹಿಂಡಿನಲ್ಲಿ ನೂರಕ್ಕೆ ಐದರಂತೆ 50 ರಾಸುಗಳಿಗೆ ಸೋಂಕಿದೆ ಎಂದುಕೊಳ್ಳೋಣ. ಪರೀಕ್ಷೆ ಅವುಗಳಲ್ಲಿ 31 ಅಥವಾ 32ನ್ನು ಹಿಡಿಯುತ್ತದೆ. ಉಳಿದ 950 ಆರೋಗ್ಯವಂತ ರಾಸುಗಳಲ್ಲಿ ನೂರಕ್ಕೆ ಎರಡರಂತೆ 19ನ್ನು ತಪ್ಪಾಗಿ ಸೋಂಕಿತ ಎನ್ನುತ್ತದೆ. ಸೋಂಕಿತವೆಂದು ಹೆಸರು ಬಂದ ಸುಮಾರು 50 ರಾಸುಗಳಲ್ಲಿ ಹೆಚ್ಚುಕಡಿಮೆ ಐದರಲ್ಲಿ ಎರಡು ನಿರಪರಾಧಿಗಳು. ಈಗ ಅದೇ ಗಾತ್ರದ ಇನ್ನೊಂದು ಹಿಂಡಿನಲ್ಲಿ ಐದೇ ರಾಸುಗಳಿಗೆ ಸೋಂಕಿದೆ ಎನ್ನೋಣ. ಪರೀಕ್ಷೆ ಮೂರನ್ನು ಸರಿಯಾಗಿ ಹಿಡಿದು, ಸುಮಾರು 20 ರಾಸುಗಳ ಮೇಲೆ ತಪ್ಪು ಹೊರಿಸುತ್ತದೆ. ಪರೀಕ್ಷೆ ಬದಲಾಗಿಲ್ಲ, ಕಿಟ್ಟು ಬದಲಾಗಿಲ್ಲ, ಆದರೂ ಫಲಿತಾಂಶದ ನಂಬಿಕೆ ಕುಸಿಯಿತು. ಸೋಂಕು ವಿರಳವಾಗಿರುವ ಕಡೆ ಎಲ್ಲ ರಾಸುಗಳ ಮೇಲೂ ಪ್ರತಿಕಾಯ ಪರೀಕ್ಷೆಯೊಂದನ್ನೇ ನಡೆಸುವುದು ಅನ್ಯಾಯ. ಸೋಂಕು ಇದ್ದೇ ಇದೆ ಎಂದು ಗೊತ್ತಿರುವ ಹಿಂಡಿನಲ್ಲಿ ಅದೇ ಪರೀಕ್ಷೆ ಬಹಳ ಉಪಯುಕ್ತ.

ಸೂಕ್ಷ್ಮತೆಯ ಅಂಕಿಗಳ ಹಿಂದೆ ಇನ್ನೊಂದು ಸೂಕ್ಷ್ಮವಿದೆ. ರಾಸಿಗೆ ಸೋಂಕು ನಿಜವಾಗಿ ಇತ್ತೇ ಎಂಬುದನ್ನು ತೀರ್ಮಾನಿಸಲು ಕೊಂದ ನಂತರ ಗ್ರಂಥಿಗಳಲ್ಲಿ ಗಂಟು ಹುಡುಕಿ, ಬ್ಯಾಕ್ಟೀರಿಯಾ ಬೆಳೆಸಿ ನೋಡಬೇಕು. ಬೋವಿಸ್ ಬೆಳೆಯಲು ವಾರಗಟ್ಟಲೆ ಹಿಡಿಯುತ್ತದೆ. ಸಾಮಾನ್ಯ ಗ್ಲಿಸರಾಲ್ ಮಾಧ್ಯಮ ಅದಕ್ಕೆ ಒಗ್ಗುವುದಿಲ್ಲ, ಪೈರುವೇಟ್ ಬೆರೆಸಿದ ಮಾಧ್ಯಮ ಬೇಕು. ಸಣ್ಣ ಗಂಟುಗಳು ಕಣ್ಣು ತಪ್ಪಿಸುತ್ತವೆ. ಹೀಗೆ ಖಚಿತವಾದ ರಾಸುಗಳೆಲ್ಲ ರೋಗ ಸಾಕಷ್ಟು ಬಲಿತವೇ ಆಗಿರುವುದರಿಂದ, ಅವುಗಳ ಮೇಲೆ ಅಳೆದ ಪ್ರತಿಕಾಯ ಪರೀಕ್ಷೆಯ ಸಾಮರ್ಥ್ಯ ನಿಜಕ್ಕಿಂತ ಹೆಚ್ಚಾಗಿ ಕಾಣುವ ಸಂಭವವಿದೆ. ಎಳೆಯ ಸೋಂಕಿನಲ್ಲಿ ಅದು ಇನ್ನೂ ಕಡಿಮೆ.

ಪ್ರತಿಕಾಯ ಪರೀಕ್ಷೆಯ ಅತ್ಯಂತ ಕುತೂಹಲದ ಗುಣ ಚರ್ಮಪರೀಕ್ಷೆಯೊಂದಿಗೆ ಅದಕ್ಕಿರುವ ನಂಟು. ಸೋಂಕಿತ ರಾಸಿಗೆ ಪಿಪಿಡಿ ಚುಚ್ಚಿದಾಗ, ಅದರಲ್ಲಿರುವ ಎಂಪಿಬಿ70ರಂಥ ಪ್ರೋಟೀನುಗಳನ್ನು ಹಿಂದೆ ಕಂಡಿದ್ದ ಬಿ-ಕೋಶಗಳು ಮತ್ತೆ ಎಚ್ಚರಗೊಂಡು ಒಂದೆರಡು ವಾರಗಳಲ್ಲಿ ರಕ್ತಕ್ಕೆ ಪ್ರತಿಕಾಯ ತುಂಬುತ್ತವೆ. ಸೋಂಕಿಲ್ಲದ ರಾಸಿನಲ್ಲಿ ನೆನಪೇ ಇಲ್ಲದ್ದರಿಂದ ಇಂಥ ಏರಿಕೆ ಸಾಮಾನ್ಯವಾಗಿ ಕಾಣುವುದಿಲ್ಲ. ಚರ್ಮಪರೀಕ್ಷೆಗೆ ಮುಂಚೆ ಎಲೈಸಾದಲ್ಲಿ ಮೌನವಾಗಿದ್ದ ಎಷ್ಟೋ ಸೋಂಕಿತ ರಾಸುಗಳು ಅದಾದ ಹತ್ತರಿಂದ ಮೂವತ್ತು ದಿನಗಳ ನಡುವೆ ತೆಗೆದ ರಕ್ತದಲ್ಲಿ ಸಿಕ್ಕಿಬೀಳುತ್ತವೆ. ಆದ್ದರಿಂದ ರಕ್ತ ಯಾವಾಗ ತೆಗೆದದ್ದು ಎಂಬ ವಿವರವಿಲ್ಲದ ಪ್ರತಿಕಾಯ ವರದಿಗೆ ಅರ್ಧ ಬೆಲೆ ಮಾತ್ರ. ಹಿಂಡಿನ ಇತಿಹಾಸದಲ್ಲಿ ಕೊನೆಯ ಟ್ಯುಬರ್ಕ್ಯುಲಿನ್ ಚುಚ್ಚಿದ ದಿನಾಂಕ ಬರೆದಿಡುವುದು ಪಶುವೈದ್ಯರು ಬಿಡಬಾರದ ಶಿಸ್ತು.

ಬ್ರಿಟನ್ನಿನಲ್ಲಿ ಚರ್ಮಪರೀಕ್ಷೆ ಮೊದಲ ಜರಡಿ. ಇಂಟರ್‌ಫೆರಾನ್ ಪರೀಕ್ಷೆ ಎರಡನೆಯದು. ವರ್ಷಗಟ್ಟಲೆ ರೋಗ ಬಿಡದ ಹಿಂಡುಗಳಲ್ಲಿ, ಎರಡಕ್ಕೂ ಸಿಗದೆ ಉಳಿದ ರಾಸುಗಳಿಗಾಗಿ ಪ್ರತಿಕಾಯ ಪರೀಕ್ಷೆಯನ್ನು ಬಳಸುತ್ತಾರೆ. ಅಲ್ಪಾಕಾದಂಥ ಒಂಟೆಜಾತಿಯ ಪ್ರಾಣಿಗಳಲ್ಲಿ ಚರ್ಮಪರೀಕ್ಷೆ ದುರ್ಬಲವಾದ್ದರಿಂದ ಅಲ್ಲಿ ರಕ್ತದ ಪ್ರತಿಕಾಯಗಳಿಗೇ ಹೆಚ್ಚಿನ ಮಣೆ. ಬ್ಯಾಜರ್‌ಗಳಿಗೂ ಪ್ರತಿಕಾಯ ಆಧಾರದ ಪರೀಕ್ಷೆಗಳಿವೆ.

ಆನೆಗಳಲ್ಲಿ ಚರ್ಮಪರೀಕ್ಷೆ ನಂಬುವಂಥದ್ದಲ್ಲ. ಅವುಗಳಿಗೆ ತಗುಲುವುದು ಹೆಚ್ಚಾಗಿ ಮನುಷ್ಯರ ಕ್ಷಯದ ಬ್ಯಾಕ್ಟೀರಿಯಾ. ದಕ್ಷಿಣ ಭಾರತದ 600 ಸಾಕಾನೆಗಳ ಸೀರಮ್ಮನ್ನು ಕ್ಷಿಪ್ರ ಪ್ರತಿಕಾಯ ಪರೀಕ್ಷೆಗೆ ಒಳಪಡಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಪ್ರತಿಕಾಯ ಹೊಂದಿದ ಆನೆಗಳ ಪ್ರಮಾಣವನ್ನು ಸುಮಾರು ಶೇ. 16ರಷ್ಟೆಂದು ಅಂದಾಜಿಸಿತು. ಆದರೆ ಪ್ರತಿಕಾಯ ಕಂಡ ಆನೆಗಳಲ್ಲಿ ಆಯ್ದ ಕೆಲವುಗಳ ಸೊಂಡಿಲು ತೊಳೆದ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಲಿಲ್ಲ. ಪ್ರತಿಕಾಯ ಇರುವುದಕ್ಕೂ, ಆ ಹೊತ್ತಿಗೆ ರೋಗ ಹರಡುತ್ತಿರುವುದಕ್ಕೂ ನಡುವಿನ ಅಂತರವನ್ನು ಈ ಫಲಿತಾಂಶ ಚೆನ್ನಾಗಿ ತೋರಿಸುತ್ತದೆ.

ಮನುಷ್ಯರ ವಿಷಯದಲ್ಲಿ ಈ ಅಂತರವನ್ನು ಕಡೆಗಣಿಸಿದ್ದರಿಂದ ಆದ ನಷ್ಟ ದೊಡ್ಡದು. ಭಾರತದ ಖಾಸಗಿ ಪ್ರಯೋಗಾಲಯಗಳಲ್ಲಿ ವರ್ಷಗಳ ಕಾಲ ಕ್ಷಯಕ್ಕೆ ಪ್ರತಿಕಾಯ ರಕ್ತಪರೀಕ್ಷೆ ಧಾರಾಳವಾಗಿ ನಡೆಯುತ್ತಿತ್ತು. ರೋಗವಿಲ್ಲದವರು ತಿಂಗಳುಗಟ್ಟಲೆ ಮಾತ್ರೆ ನುಂಗಿದರು, ರೋಗವಿದ್ದವರು ಇಲ್ಲವೆಂಬ ಚೀಟಿ ಹಿಡಿದು ಮನೆಗೆ ಹೋದರು. ವಿಶ್ವ ಆರೋಗ್ಯ ಸಂಸ್ಥೆ 2011ರ ಜುಲೈಯಲ್ಲಿ ಇಂಥ ಕಿಟ್ಟುಗಳನ್ನು ಬಳಸಬಾರದೆಂದು ಸ್ಪಷ್ಟವಾಗಿ ಹೇಳಿತು. ಭಾರತ ಸರ್ಕಾರ 2012ರ ಜೂನ್‌ನಲ್ಲಿ ಅವುಗಳ ಆಮದು, ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ನಿಷೇಧಿಸಿತು. ಈ ನಿಷೇಧ ಮನುಷ್ಯರ ರೋಗನಿದಾನಕ್ಕೆ ಸಂಬಂಧಿಸಿದ್ದು. ದನಗಳಿಗೆ ಪರೀಕ್ಷೆ ರೂಪಿಸುವವರೂ ಅದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಭಾರತದ ಹೊರೆಯ ಗಾತ್ರ ಬೇರೆಯೇ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 19.3 ಕೋಟಿ ದನಗಳು, 11 ಕೋಟಿ ಎಮ್ಮೆಗಳು ಇದ್ದವು. ಅದಕ್ಕೆ ಹಿಂದಿನ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ದನದ ಕ್ಷಯದ ಪ್ರಮಾಣವನ್ನು ಶೇ. 7.3 ಎಂದು, ಸೋಂಕಿತ ರಾಸುಗಳನ್ನು ಸುಮಾರು 2.18 ಕೋಟಿ ಎಂದು ಅಂದಾಜು ಮಾಡಿತು. ಸೋಂಕಿತ ರಾಸುಗಳನ್ನು ಕೊಂದು ರೋಗ ಅಳಿಸುವ ಪಾಶ್ಚಾತ್ಯ ಕ್ರಮಕ್ಕೆ ಇಲ್ಲಿ ಕಾನೂನೂ ಒಪ್ಪುವುದಿಲ್ಲ, ಮನಸ್ಸೂ ಒಪ್ಪುವುದಿಲ್ಲ, ಒಂದೆರಡು ಹಸು ನಂಬಿ ಬದುಕುವ ಮನೆಯ ಲೆಕ್ಕವೂ ಒಪ್ಪುವುದಿಲ್ಲ. ಸೋಂಕಿನ ಗುರುತೂ ಇಲ್ಲಿ ಸರಳವಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಸಂಗ್ರಹವಾಗಿದ್ದ ಮನುಷ್ಯರ 940 ಮಾದರಿಗಳನ್ನು ಪರೀಕ್ಷಿಸಿದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೋವಿಸ್ ಒಂದೂ ಸಿಗಲಿಲ್ಲ. ಬದಲಿಗೆ ಅದರ ನೆಂಟ ಮೈಕೊಬ್ಯಾಕ್ಟೀರಿಯಂ ಒರಿಗಿಸ್ ಏಳರಲ್ಲಿ ಸಿಕ್ಕಿತು. ಭಾರತದ ದನಗಳಲ್ಲೂ ಒರಿಗಿಸ್ ಕಂಡುಬಂದಿದೆ. ಆದ್ದರಿಂದ ಯುರೋಪಿನ ಬೋವಿಸ್‌ಗಾಗಿ ಹೊಂದಿಸಿದ ಅಳತೆಗೋಲುಗಳನ್ನು ಇಲ್ಲಿನ ರಾಸುಗಳ ಸೀರಮ್ಮಿನ ಮೇಲೆ ಹೊಸದಾಗಿ ಪರೀಕ್ಷಿಸಿ ನೋಡದೆ ಬಳಸುವುದು ಸರಿಯಲ್ಲ.

ಇಂಥ ನೆಲದಲ್ಲಿ ಪ್ರತಿಕಾಯ ಪರೀಕ್ಷೆಗೆ ತಕ್ಕ ಕೆಲಸ ಬಾಂಗ್‌ನ ಹಳೆಯ ವಿಧಾನದೊಳಗೆ ಸಿಗುತ್ತದೆ. ಸರ್ಕಾರಿ ತಳಿ ಸಂವರ್ಧನಾ ಕೇಂದ್ರಗಳು, ಗೋಶಾಲೆಗಳು, ನೂರಾರು ರಾಸುಗಳನ್ನು ಒಂದೇ ಸೂರಿನಡಿ ಕಟ್ಟುವ ಡೇರಿಗಳು ರೋಗ ಹಬ್ಬಲು ಹದವಾದ ಜಾಗಗಳು. ಅಲ್ಲಿ ಚರ್ಮಪರೀಕ್ಷೆ ನಡೆಸಿ, ಎರಡು ಮೂರು ವಾರ ಬಿಟ್ಟು ಎಲ್ಲ ರಾಸುಗಳ ಸೀರಮ್ ತೆಗೆದರೆ, ಚರ್ಮಕ್ಕೆ ಸಿಗದ ಬಲಿತ ರೋಗಿಗಳು ಪ್ರತಿಕಾಯದಲ್ಲಿ ಸಿಗುತ್ತವೆ. ಎಲ್ಲ ಸೋಂಕಿತ ರಾಸುಗಳನ್ನೂ ಬೇರ್ಪಡಿಸಲು ಜಾಗವಿಲ್ಲದಿದ್ದರೂ ಹೆಚ್ಚು ಪ್ರತಿಕಾಯವಿರುವ ಕೆಲವನ್ನಾದರೂ ದೂರ ಕಟ್ಟಬಹುದು, ಅವುಗಳ ಕರುಗಳಿಗೆ ಕಾಯಿಸಿದ ಹಾಲು ಕುಡಿಸಬಹುದು. ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಇಟ್ಟರೆ ಬ್ಯಾಕ್ಟೀರಿಯಾ ಸಾಯುತ್ತದೆ. ಮನೆಯಲ್ಲಿ ಹಾಲು ಉಕ್ಕಿಸುವ ರೂಢಿ ಇದಕ್ಕಿಂತ ಹೆಚ್ಚು ಬಿಸಿ ಕೊಡುತ್ತದೆ. ಆದರೆ ಕೊಟ್ಟಿಗೆಯಲ್ಲಿ ದಿನವೂ ರಾಸಿನ ಉಸಿರಿಗೆ ಮುಖವೊಡ್ಡುವ ಹೆಂಗಸರಿಗೆ, ಆಳುಗಳಿಗೆ ಆ ರೂಢಿ ರಕ್ಷಣೆಯಲ್ಲ. ಪ್ರತಿಕಾಯ ಪರೀಕ್ಷೆಯಲ್ಲಿ ಸಿಕ್ಕ ರಾಸಿನ ಜೊತೆ ಕೆಲಸ ಮಾಡುವವರ ಕಫ ಪರೀಕ್ಷೆಯೂ ನಡೆಯಬೇಕು.

ರಾಸುಗಳನ್ನು ಕೊಲ್ಲಲಾಗದ ದೇಶಗಳ ಇನ್ನೊಂದು ಆಸೆ ಬಿಸಿಜಿ ಲಸಿಕೆ. ಕಾಲ್ಮೆಟ್ ಮತ್ತು ಗೆರಾನ್ ಅದನ್ನು ತಯಾರಿಸಿದ್ದು ದನದ ಬೋವಿಸ್ ಬ್ಯಾಕ್ಟೀರಿಯಾವನ್ನು 1908ರಿಂದ 1921ರವರೆಗೆ ಮತ್ತೆ ಮತ್ತೆ ಹೊಸ ಮಾಧ್ಯಮಕ್ಕೆ ದಾಟಿಸಿ, ದುರ್ಬಲಗೊಳಿಸಿ. ದನಗಳಿಗೆ ಕೊಟ್ಟಾಗ ಅದು ರೋಗದ ಹರಡುವಿಕೆಯನ್ನು ಬಹಳವಾಗಿ ತಗ್ಗಿಸುತ್ತದೆಂದು ಇಥಿಯೋಪಿಯಾದ ಪ್ರಯೋಗವೊಂದು 2024ರಲ್ಲಿ ತೋರಿಸಿತು. ತೊಡಕು ಎಂದರೆ ಲಸಿಕೆ ಪಡೆದ ರಾಸಿನ ಚರ್ಮವೂ ಪಿಪಿಡಿಗೆ ಊದುತ್ತದೆ. ಲಸಿಕೆಯಿಂದ ಆದದ್ದು ಯಾವುದು, ಸೋಂಕಿನಿಂದ ಆದದ್ದು ಯಾವುದು ಎಂದು ಬೇರ್ಪಡಿಸಲು ಬಿಸಿಜಿ ಕಳೆದುಕೊಂಡಿರುವ, ಸಹಜ ಬ್ಯಾಕ್ಟೀರಿಯಾ ಉಳಿಸಿಕೊಂಡಿರುವ ಈಸ್ಯಾಟ್-6 ಮತ್ತು ಸಿಎಫ್‌ಪಿ-10 ಎಂಬ ಪ್ರೋಟೀನುಗಳು ನೆರವಾಗುತ್ತವೆ. ಇವುಗಳಿಂದ ತಯಾರಿಸಿದ ಹೊಸ ಚರ್ಮಪರೀಕ್ಷೆ ಮತ್ತು ಇಂಟರ್‌ಫೆರಾನ್ ಪರೀಕ್ಷೆಗಳು ಲಸಿಕೆಯನ್ನು ಸೋಂಕೆಂದು ತಪ್ಪು ತಿಳಿಯುವುದಿಲ್ಲ. ಪ್ರತಿಕಾಯ ಪರೀಕ್ಷೆಯ ಮಟ್ಟಿಗೆ ಯಾವ ಬಿಸಿಜಿ ತಳಿ ಎಂಬುದೇ ಪ್ರಶ್ನೆ. ಟೋಕಿಯೊ ತಳಿಯಂತೆ ಮೂಲದಿಂದ ಬೇಗನೆ ಕವಲೊಡೆದವು ಎಂಪಿಬಿ70 ಮತ್ತು ಎಂಪಿಬಿ83ನ್ನು ಹೇರಳವಾಗಿ ತಯಾರಿಸುತ್ತವೆ. ಡೆನ್ಮಾರ್ಕಿನ ತಳಿಯಂಥ ನಂತರದವುಗಳಲ್ಲಿ ಸಿಗ್ಮಾ-ಕೆಯ ಜೀನ್ ಕೆಟ್ಟಿರುವುದರಿಂದ ಆ ಎರಡರ ತಯಾರಿಕೆ ಬಹಳ ಕಡಿಮೆ. ಲಸಿಕೆಯ ಜೊತೆಗೆ ಎಂಪಿಬಿ ಎಲೈಸಾವನ್ನೂ ಬಳಸುವ ಯೋಜನೆಗೆ ಹೊಂದುವುದು ಈ ಎರಡನೆಯ ಗುಂಪಿನ ತಳಿಗಳು.